3-ಮೀಥೈಲ್-1-ಬ್ಯೂಟೀನ್‌ಗೆ ಹೈಡ್ರೋಜನ್ ಕ್ಲೋರೈಡ್ ಸೇರಿದಾಗ ಕ್ಲೋರಿನ್ ಮೂರನೆಯ ಕಾರ್ಬನ್ನಿಗೆ ಹೋಗುವುದು ಹೇಗೆ?

ಪ್ರಶ್ನೆ
ಬರೆದವರು: ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಆಲ್ಕೀನ್‌ಗಳ (ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧವಿರುವ ಹೈಡ್ರೋಕಾರ್ಬನ್‌ಗಳ) ಸಂಕಲನ ಕ್ರಿಯೆಗಳನ್ನು ಓದುವಾಗ ಎದುರಾದ ಎರಡು ತೊಡಕುಗಳನ್ನು ಇಲ್ಲಿ ಇಡುತ್ತಿದ್ದೇನೆ. ತಿಳಿದವರು ಬಿಡಿಸಿ ಹೇಳಬೇಕೆಂದು ವಿನಂತಿ.

ಅಸಮಮಿತ (ದ್ವಿಬಂಧದ ಎರಡು ಬದಿಗಳು ಒಂದೇ ರೀತಿ ಇಲ್ಲದ) ಆಲ್ಕೀನ್‌ಗೆ ಹೈಡ್ರೋಜನ್ ಹ್ಯಾಲೈಡ್ ಸೇರುವಾಗ, ದ್ವಿಬಂಧದ ಎರಡು ಕಾರ್ಬನ್‌ಗಳಲ್ಲಿ ಯಾವುದಕ್ಕೆ ಈಗಾಗಲೇ ಹೆಚ್ಚು ಹೈಡ್ರೋಜನ್‌ಗಳಿವೆಯೋ ಅದಕ್ಕೇ ಹೊಸ ಹೈಡ್ರೋಜನ್ ಸೇರುತ್ತದೆ, ಹ್ಯಾಲೋಜನ್ ಇನ್ನೊಂದಕ್ಕೆ ಹೋಗುತ್ತದೆ ಎಂಬ ಮಾರ್ಕೊವ್ನಿಕೊವ್ ನಿಯಮವನ್ನು ಪ್ರಥಮ ಪಿಯುಸಿಯಿಂದಲೂ ಬರೆಯುತ್ತ ಬಂದಿದ್ದೇವೆ. ಆ ನಿಯಮದ ಪ್ರಕಾರ 3-ಮೀಥೈಲ್-1-ಬ್ಯೂಟೀನ್‌ನಿಂದ 2-ಕ್ಲೋರೋ-3-ಮೀಥೈಲ್‌ಬ್ಯೂಟೇನ್ ಬರಬೇಕು. ಆದರೆ ಹಳೆಯ ಪ್ರಶ್ನೆಪತ್ರಿಕೆಯೊಂದರ ಮಾದರಿ ಉತ್ತರದಲ್ಲಿ ಪ್ರಧಾನ ಉತ್ಪನ್ನವೆಂದು 2-ಕ್ಲೋರೋ-2-ಮೀಥೈಲ್‌ಬ್ಯೂಟೇನ್ ಅನ್ನು ಕೊಟ್ಟಿದ್ದಾರೆ. ಅಂದರೆ ದ್ವಿಬಂಧಕ್ಕೆ ಯಾವ ಸಂಬಂಧವೂ ಇಲ್ಲದೆ ಪಕ್ಕದಲ್ಲಿದ್ದ ಕಾರ್ಬನ್ನಿಗೆ ಕ್ಲೋರಿನ್ ಹೋಗಿ ಸೇರಿದೆ. ಇದು ನಿಯಮದ ಅಪವಾದವೇ, ಅಥವಾ ನಿಯಮವನ್ನೇ ಬೇರೆ ರೀತಿಯಲ್ಲಿ ಓದಬೇಕೇ?

ಎರಡನೆಯದು ಪೆರಾಕ್ಸೈಡ್ ಪರಿಣಾಮಕ್ಕೆ ಸಂಬಂಧಿಸಿದ್ದು. ಪೆರಾಕ್ಸೈಡ್ ಇದ್ದಾಗ ಹೈಡ್ರೋಜನ್ ಬ್ರೋಮೈಡ್ ಮಾತ್ರ ನಿಯಮಕ್ಕೆ ವಿರುದ್ಧವಾಗಿ ಸೇರುತ್ತದೆ, ಕ್ಲೋರೈಡ್ ಮತ್ತು ಅಯೋಡೈಡ್‌ಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಎನ್‌ಸಿಇಆರ್‌ಟಿ ಪುಸ್ತಕ ಹೇಳುತ್ತದೆ. ಹೈಡ್ರೋಜನ್-ಕ್ಲೋರಿನ್ ಬಂಧ (ಮೋಲ್‌ಗೆ 430.5 ಕಿಲೋಜೌಲ್) ಹೈಡ್ರೋಜನ್-ಬ್ರೋಮಿನ್ ಬಂಧಕ್ಕಿಂತ (363.7) ಗಟ್ಟಿಯಾಗಿರುವುದರಿಂದ ಒಡೆಯುವುದಿಲ್ಲವೆಂದೂ, ಹೈಡ್ರೋಜನ್-ಅಯೋಡಿನ್ ಬಂಧ (296.8) ದುರ್ಬಲವಾಗಿದ್ದು ಅಯೋಡಿನ್ ರ‍್ಯಾಡಿಕಲ್‌ಗಳು (ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಉಳ್ಳ ಕಣಗಳು) ತಮ್ಮತಮ್ಮಲ್ಲೇ ಕೂಡಿಕೊಳ್ಳುತ್ತವೆಂದೂ ಕಾರಣ ಕೊಡಲಾಗಿದೆ. ಬಂಧ ಗಟ್ಟಿಯಿದ್ದರೂ ಆಗದು, ಸಡಿಲವಿದ್ದರೂ ಆಗದು, ನಡುವಿನದಕ್ಕೆ ಮಾತ್ರ ಆಗುತ್ತದೆ ಎಂಬ ವಿವರಣೆಯನ್ನು ಪರೀಕ್ಷೆಯಲ್ಲಿ ಬರೆಯಬಲ್ಲೆನಾದರೂ ಮನಸ್ಸು ಒಪ್ಪುತ್ತಿಲ್ಲ. ಇದರ ಹಿಂದೆ ಲೆಕ್ಕವೇನಾದರೂ ಇದೆಯೇ?


ಉತ್ತರ
ಬರೆದವರು: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮೈಸೂರು

ನಿಮ್ಮ ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಎರಡನೆಯದನ್ನು ಪ್ರಯೋಗಾಲಯದಲ್ಲಿ ದಿನವೂ ಕೆಲಸ ಮಾಡುವವರು ಯಾರಾದರೂ ಹೇಳಿದರೆ ಚೆನ್ನ.

ವ್ಲಾದಿಮಿರ್ ಮಾರ್ಕೊವ್ನಿಕೊವ್ ಕಜಾನ್ ವಿಶ್ವವಿದ್ಯಾಲಯದಲ್ಲಿ ಬಟ್ಲೆರೋವ್ ಅವರ ಶಿಷ್ಯರಾಗಿದ್ದವರು. ಅವರು ಈ ನಿಯಮವನ್ನು ಪ್ರಕಟಿಸಿದ್ದು 1870ರ ಸುಮಾರಿಗೆ. ಎಲೆಕ್ಟ್ರಾನ್ ಎಂಬುದೊಂದು ಇದೆಯೆಂದು ತಿಳಿದದ್ದು 1897ರಲ್ಲಿ. ಹಾಗಾಗಿ ಮಾರ್ಕೊವ್ನಿಕೊವ್ ಅವರಿಗೆ ಸಿಕ್ಕಿದ್ದು ಉತ್ಪನ್ನಗಳ ಪಟ್ಟಿ ಮಾತ್ರ. ಆ ಪಟ್ಟಿಯಲ್ಲಿ ಕಂಡ ಕ್ರಮವನ್ನು ಅವರು ಒಂದು ವಾಕ್ಯವಾಗಿ ಬರೆದಿಟ್ಟರು. ಅದು ಅನುಭವದಿಂದ ಬಂದ ಸೂತ್ರವೇ ಹೊರತು ಕಾರಣವಲ್ಲ. ನಮ್ಮ ತರಗತಿಗಳಲ್ಲಿ ಸೂತ್ರವನ್ನೇ ಕಾರಣವೆಂಬಂತೆ ಬೋಧಿಸುವುದರಿಂದ, ಅದು ಕೈಕೊಟ್ಟ ಕಡೆಯಲ್ಲೆಲ್ಲ ವಿದ್ಯಾರ್ಥಿಗಳು ಅಪವಾದಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗುತ್ತದೆ.

ಕಾರಣವನ್ನು ಹುಡುಕಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ದ್ವಿಬಂಧಕ್ಕೆ ಮೊದಲು ಬಂದು ಸೇರುವ ಕಣ ಯಾವುದು, ಅದು ಸೇರಿದ ಮೇಲೆ ಉಳಿಯುವ ಮಧ್ಯಂತರ (ಕ್ರಿಯೆಯ ನಡುವೆ ಕ್ಷಣಕಾಲ ಇರುವ ಕಣ) ಯಾವುದು? ಹೈಡ್ರೋಜನ್ ಕ್ಲೋರೈಡ್ ಸೇರುವಾಗ ಮೊದಲು ಬರುವುದು ಪ್ರೋಟಾನ್. ದ್ವಿಬಂಧದಲ್ಲಿನ ಎರಡು ಬಂಧಗಳಲ್ಲಿ ಸಡಿಲವಾದ ಪೈ ಬಂಧದ ಎಲೆಕ್ಟ್ರಾನ್‌ಗಳು ಹೈಡ್ರೋಜನ್ನನ್ನು ಎಳೆದುಕೊಳ್ಳುತ್ತವೆ, ಕ್ಲೋರೈಡ್ ಅಯಾನು ಬೇರ್ಪಡುತ್ತದೆ, ಪೈ ಬಂಧದ ಇನ್ನೊಂದು ತುದಿಯಲ್ಲಿದ್ದ ಕಾರ್ಬನ್ ಧನ ಆವೇಶವನ್ನು ಹೊತ್ತು ಕಾರ್ಬೊಕ್ಯಾಟಯಾನ್ ಆಗುತ್ತದೆ. ಈ ಹಂತವೇ ನಿಧಾನದ ಹಂತ, ಕ್ರಿಯೆಯ ವೇಗವನ್ನು ನಿರ್ಧರಿಸುವುದೂ ಇದೇ. ಎಲ್ಲಿ ಹೆಚ್ಚು ಸ್ಥಿರವಾದ ಕ್ಯಾಟಯಾನ್ ಉಂಟಾಗುತ್ತದೆಯೋ ಆ ದಾರಿಗೆ ಸಕ್ರಿಯಣ ಶಕ್ತಿ ಕಡಿಮೆ ಬೇಕಾಗುತ್ತದೆ, ಆದ್ದರಿಂದ ಕ್ರಿಯೆ ಆ ದಾರಿಯನ್ನೇ ಹಿಡಿಯುತ್ತದೆ.

ನಿಮ್ಮ ಅಣುವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒಂದನೆಯ ಕಾರ್ಬನ್ನಿಗೆ ಎರಡು ಹೈಡ್ರೋಜನ್, ಎರಡನೆಯದಕ್ಕೆ ಒಂದು. ಇವೆರಡರ ನಡುವೆ ದ್ವಿಬಂಧ. ಮೂರನೆಯ ಕಾರ್ಬನ್ನಿಗೆ ಒಂದು ಹೈಡ್ರೋಜನ್ ಮತ್ತು ಎರಡು ಮೀಥೈಲ್‌ಗಳಿವೆ, ಅವುಗಳಲ್ಲಿ ಒಂದನ್ನು ನಾಲ್ಕನೆಯ ಕಾರ್ಬನ್ ಎಂದು ಎಣಿಸುತ್ತೇವೆ. ಪ್ರೋಟಾನ್ ಎರಡನೆಯ ಕಾರ್ಬನ್ನಿಗೆ ಸೇರಿದರೆ ಒಂದನೆಯದರ ಮೇಲೆ ಪ್ರಾಥಮಿಕ ಕ್ಯಾಟಯಾನ್ (ಧನ ಆವೇಶದ ಕಾರ್ಬನ್ನಿಗೆ ಒಂದೇ ಕಾರ್ಬನ್ ಅಂಟಿಕೊಂಡಿರುವಂಥದ್ದು) ಬರುತ್ತದೆ. ಅದಕ್ಕೆ ಪಕ್ಕದ ಕಾರ್ಬನ್ನಿನಿಂದ ತಮ್ಮ ಬಂಧದ ಎಲೆಕ್ಟ್ರಾನ್‌ಗಳನ್ನು ಹಂಚಿ ಆಸರೆ ನೀಡಬಲ್ಲ ಹೈಡ್ರೋಜನ್‌ಗಳು ಎರಡು ಮಾತ್ರ. ಪ್ರೋಟಾನ್ ಒಂದನೆಯ ಕಾರ್ಬನ್ನಿಗೆ ಸೇರಿದರೆ ಎರಡನೆಯದರ ಮೇಲೆ ದ್ವಿತೀಯಕ (ಎರಡು ಕಾರ್ಬನ್ ಅಂಟಿಕೊಂಡ) ಕ್ಯಾಟಯಾನ್ ಬರುತ್ತದೆ. ಹೊಸದಾಗಿ ಉಂಟಾದ ಮೀಥೈಲ್‌ನ ಮೂರು ಮತ್ತು ಮೂರನೆಯ ಕಾರ್ಬನ್ನಿನ ಒಂದು ಸೇರಿ ಅದಕ್ಕೆ ಅಂಥ ನಾಲ್ಕು ಹೈಡ್ರೋಜನ್‌ಗಳು. ಇಲ್ಲಿಯವರೆಗೆ ಎಲ್ಲವೂ ಮಾರ್ಕೊವ್ನಿಕೊವ್ ಹೇಳಿದಂತೆಯೇ ನಡೆದಿದೆ.

ಈಗ ಮೂರನೆಯ ಕಾರ್ಬನ್ನಿನಲ್ಲಿದ್ದ ಆ ಒಂಟಿ ಹೈಡ್ರೋಜನ್ ತನ್ನ ಬಂಧದ ಎರಡೂ ಎಲೆಕ್ಟ್ರಾನ್‌ಗಳ ಸಮೇತ, ಅಂದರೆ ಹೈಡ್ರೈಡ್ ರೂಪದಲ್ಲಿ, ಪಕ್ಕದ ಎರಡನೆಯ ಕಾರ್ಬನ್ನಿಗೆ ಸರಿದುಬಿಟ್ಟರೆ ಏನಾಗುತ್ತದೆ ಎಂದು ನೋಡಿ. ಧನ ಆವೇಶವು ಮೂರನೆಯ ಕಾರ್ಬನ್ನಿಗೆ ಬರುತ್ತದೆ. ಅದಕ್ಕೆ ಎರಡು ಮೀಥೈಲ್ ಮತ್ತು ಒಂದು ಈಥೈಲ್ ಅಂಟಿಕೊಂಡಿರುವುದರಿಂದ ಅದು ತೃತೀಯಕ ಕ್ಯಾಟಯಾನ್, ಆಸರೆಯ ಹೈಡ್ರೋಜನ್‌ಗಳು ಈಗ ಎಂಟು. ಎರಡು, ನಾಲ್ಕು, ಎಂಟು ಎಂಬ ಈ ಏರಿಕೆಯನ್ನು ಗಮನಿಸಿದರೆ ಹೈಡ್ರೈಡ್ ಸರಿಯುವುದಕ್ಕೆ ಎಷ್ಟು ಒತ್ತಾಸೆ ಇದೆಯೆಂದು ಅರ್ಥವಾಗುತ್ತದೆ. ಈ ತೃತೀಯಕ ಕ್ಯಾಟಯಾನ್‌ಗೆ ಕ್ಲೋರೈಡ್ ಸೇರಿದಾಗ ಸಿಗುವುದೇ ನಿಮ್ಮ ಮಾದರಿ ಉತ್ತರದ 2-ಕ್ಲೋರೋ-2-ಮೀಥೈಲ್‌ಬ್ಯೂಟೇನ್. ಸಂಖ್ಯೆ ಮೂರರಿಂದ ಎರಡಕ್ಕೆ ಬದಲಾದದ್ದು ಹೆಸರಿಸುವ ಕ್ರಮದಿಂದ ಮಾತ್ರ, ಕಾರ್ಬನ್ ಅದೇ.

ಆದರೆ ಮಾದರಿ ಉತ್ತರವನ್ನು ಬರೆದವರು ಒಂದು ಸಂಗತಿಯನ್ನು ಬಿಟ್ಟಿದ್ದಾರೆ. ಉತ್ಪನ್ನ ಒಂದೇ ಅಲ್ಲ, ಎರಡೂ ಬರುತ್ತವೆ. ಸೊನ್ನೆ ಡಿಗ್ರಿಯ ಸುಮಾರಿಗೆ ನಡೆಸಿದ ಕ್ರಿಯೆಗೆ ಪಠ್ಯಗಳು ಸಾಮಾನ್ಯವಾಗಿ ಕೊಡುವ ಪ್ರಮಾಣವೆಂದರೆ ನಿಯಮ ಹೇಳಿದ ಉತ್ಪನ್ನ ಶೇಕಡಾ 40ರಷ್ಟು, ಪುನರ್ಜೋಡಣೆಯಾದದ್ದು (ಹೈಡ್ರೈಡ್ ಸರಿದ ಮೇಲೆ ಬಂದದ್ದು) ಶೇಕಡಾ 60ರಷ್ಟು. ಸಮಸಮ ಎಂದು ಬರೆಯುವ ಪುಸ್ತಕಗಳೂ ಇವೆ. ದ್ವಿತೀಯಕ ಕ್ಯಾಟಯಾನ್ ಉಂಟಾದ ಕೂಡಲೇ ಎರಡು ಘಟನೆಗಳ ನಡುವೆ ಪೈಪೋಟಿ ಶುರುವಾಗುತ್ತದೆ: ಪಕ್ಕದಲ್ಲೇ ಇರುವ ಕ್ಲೋರೈಡ್ ಅದನ್ನು ಹಿಡಿದುಕೊಳ್ಳುವುದು ಒಂದು, ಹೈಡ್ರೈಡ್ ಸರಿಯುವುದು ಇನ್ನೊಂದು. ಎರಡರ ವೇಗವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಪಾಲೂ ಹತ್ತಿರ ಹತ್ತಿರವೇ ಬರುತ್ತದೆ. 3,3-ಡೈಮೀಥೈಲ್-1-ಬ್ಯೂಟೀನ್‌ನಲ್ಲಿ ಹೈಡ್ರೈಡಿನ ಬದಲು ಒಂದು ಇಡೀ ಮೀಥೈಲ್ ಗುಂಪು ಸರಿಯುತ್ತದೆ. ಅಲ್ಲಿ ಪುನರ್ಜೋಡಣೆಯಾದ 2-ಕ್ಲೋರೋ-2,3-ಡೈಮೀಥೈಲ್‌ಬ್ಯೂಟೇನ್ ಗಣನೀಯ ಪ್ರಮಾಣದಲ್ಲಿ ಬರುತ್ತದೆ.

ಇದು ನಿಮಗೆ ಹೊಸತೇನೂ ಅಲ್ಲ ಎಂಬುದನ್ನೂ ಹೇಳಬೇಕು. ದ್ವಿತೀಯ ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ, ಆಲ್ಕೊಹಾಲ್‌ಗಳ ಅಧ್ಯಾಯದ ಅಭ್ಯಾಸ ಪ್ರಶ್ನೆಗಳ ನಡುವೆ, 3-ಮೀಥೈಲ್‌ಬ್ಯೂಟೇನ್-2-ಆಲ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದಾಗ 2-ಬ್ರೋಮೋ-2-ಮೀಥೈಲ್‌ಬ್ಯೂಟೇನ್ ಏಕೆ ಬರುತ್ತದೆ ಎಂಬ ಪ್ರಶ್ನೆ ಇದೆ, ಹೈಡ್ರೈಡ್ ಸರಿಯುವ ಸುಳಿವನ್ನೂ ಅಲ್ಲೇ ಕೊಟ್ಟಿದ್ದಾರೆ. ಆ ಆಲ್ಕೊಹಾಲ್ ನೀರನ್ನು ಕಳೆದುಕೊಂಡಾಗ ಉಂಟಾಗುವ ಕ್ಯಾಟಯಾನ್ ಮತ್ತು ನಿಮ್ಮ ಆಲ್ಕೀನ್ ಪ್ರೋಟಾನ್ ಪಡೆದಾಗ ಉಂಟಾಗುವ ಕ್ಯಾಟಯಾನ್ ಎರಡೂ ಒಂದೇ. ಒಂದು ಅಧ್ಯಾಯದಲ್ಲಿ ಕಲಿತದ್ದು ಇನ್ನೊಂದು ಅಧ್ಯಾಯದಲ್ಲಿ ಅಪರಿಚಿತವಾಗಿ ಕಾಣುವುದು ನಾವು ಪಾಠ ಮಾಡುವ ಕ್ರಮದ ದೋಷ.

ಅಪವಾದವೇ ಎಂದು ಕೇಳಿದ್ದೀರಿ. ಪ್ರೋಟಾನ್ ಸೇರಿದ ಜಾಗವನ್ನು ಮಾತ್ರ ನೋಡಿದರೆ ಅಲ್ಲ, ಅದು ನಿಯಮದಂತೆ ಒಂದನೆಯ ಕಾರ್ಬನ್ನಿಗೇ ಸೇರಿದೆ. ನಿಯಮದ ಅಕ್ಷರಕ್ಕೇ ವಿರುದ್ಧವಾದ ಉದಾಹರಣೆ ಬೇಕಿದ್ದರೆ 3,3,3-ಟ್ರೈಫ್ಲೋರೋಪ್ರೊಪೀನ್ ಅನ್ನು ತೆಗೆದುಕೊಳ್ಳಿ. ಅದರಲ್ಲಿ ಹ್ಯಾಲೋಜನ್ ತುದಿಯ ಕಾರ್ಬನ್ನಿಗೇ ಹೋಗುತ್ತದೆ. ಏಕೆಂದರೆ ಮೂರು ಫ್ಲೋರಿನ್‌ಗಳು ಎಲೆಕ್ಟ್ರಾನ್‌ಗಳನ್ನು ಬಲವಾಗಿ ತಮ್ಮತ್ತ ಎಳೆಯುವುದರಿಂದ, ಆ ಗುಂಪಿಗೆ ಹೊಂದಿಕೊಂಡ ಕಾರ್ಬನ್ನಿನ ಮೇಲೆ ಧನ ಆವೇಶ ಬರುವುದು ಬಹಳ ದುಬಾರಿಯಾಗುತ್ತದೆ. ಹೈಡ್ರೋಜನ್‌ಗಳನ್ನು ಎಣಿಸುವವರು ಇಲ್ಲಿ ಎಡವುತ್ತಾರೆ, ಕ್ಯಾಟಯಾನ್ ಬರೆದು ನೋಡುವವರು ಎಡವುವುದಿಲ್ಲ.


ಉತ್ತರ
ಬರೆದವರು: ಔಷಧ ತಯಾರಿಕಾ ಸಂಸ್ಥೆಯ ಸಂಶೋಧನಾ ವಿಭಾಗದ ಉದ್ಯೋಗಿ, ಬೆಂಗಳೂರು

ಮೇಲಿನ ಉಪನ್ಯಾಸಕರು ಹೇಳಿದ "ಮೊದಲು ಬಂದು ಸೇರುವುದು ಯಾವುದು" ಎಂಬ ಪ್ರಶ್ನೆಯನ್ನೇ ಮುಂದುವರಿಸುತ್ತೇನೆ. ಪೆರಾಕ್ಸೈಡ್ ಇದ್ದಾಗ ಮೊದಲು ಬರುವುದು ಪ್ರೋಟಾನ್ ಅಲ್ಲ, ಬ್ರೋಮಿನ್ ಪರಮಾಣು. ಉತ್ಪನ್ನ ತಿರುಗಿಬೀಳಲು ಇರುವ ಕಾರಣ ಇಷ್ಟೇ. ಬ್ರೋಮಿನ್ ರ‍್ಯಾಡಿಕಲ್ ಒಂದನೆಯ ಕಾರ್ಬನ್ನಿಗೆ ಸೇರಿ, ಎರಡನೆಯದರ ಮೇಲೆ ಹೆಚ್ಚು ಸ್ಥಿರವಾದ ದ್ವಿತೀಯಕ ರ‍್ಯಾಡಿಕಲ್ ಅನ್ನು ಉಳಿಸುತ್ತದೆ. ಆ ರ‍್ಯಾಡಿಕಲ್ ಇನ್ನೊಂದು ಹೈಡ್ರೋಜನ್ ಬ್ರೋಮೈಡ್ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಂಡು ಹೊಸ ಬ್ರೋಮಿನ್ ರ‍್ಯಾಡಿಕಲ್ ಅನ್ನು ಬಿಡುಗಡೆ ಮಾಡುತ್ತದೆ. ಸರಪಳಿ ಹೀಗೆ ಸಾಗುತ್ತದೆ. ನಿಮ್ಮ 3-ಮೀಥೈಲ್-1-ಬ್ಯೂಟೀನ್‌ಗೆ ಪೆರಾಕ್ಸೈಡ್ ಜೊತೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ 1-ಬ್ರೋಮೋ-3-ಮೀಥೈಲ್‌ಬ್ಯೂಟೇನ್ ಸಿಗುತ್ತದೆ. ಕ್ಯಾಟಯಾನ್‌ಗಳಲ್ಲಿ ಕಂಡಂತೆ ಹೈಡ್ರೋಜನ್ ಪಕ್ಕಕ್ಕೆ ಸರಿಯುವ ರೂಢಿ ಸಾಮಾನ್ಯ ಆಲ್ಕೈಲ್ ರ‍್ಯಾಡಿಕಲ್‌ಗಳಿಗೆ ಇಲ್ಲವಾದ್ದರಿಂದ ಪುನರ್ಜೋಡಣೆಯ ತೊಂದರೆಯೂ ಇರುವುದಿಲ್ಲ.

ಈಗ ನೀವು ಕೇಳಿದ ಲೆಕ್ಕ. ಸರಪಳಿ ಎಂದ ಮೇಲೆ ಅದರ ಎರಡೂ ಕೊಂಡಿಗಳು ಸಲೀಸಾಗಿ ನಡೆಯಬೇಕು. ಒಂದು ಕೊಂಡಿ ಸಿಲುಕಿದರೂ ಸರಪಳಿ ನಿಲ್ಲುತ್ತದೆ. ಮೊದಲ ಕೊಂಡಿಯಲ್ಲಿ ಪೈ ಬಂಧ ಒಡೆದು ಕಾರ್ಬನ್-ಹ್ಯಾಲೋಜನ್ ಬಂಧ ಉಂಟಾಗುತ್ತದೆ. ಎರಡನೆಯದರಲ್ಲಿ ಹೈಡ್ರೋಜನ್-ಹ್ಯಾಲೋಜನ್ ಬಂಧ ಒಡೆದು ಕಾರ್ಬನ್-ಹೈಡ್ರೋಜನ್ ಬಂಧ ಉಂಟಾಗುತ್ತದೆ. ಪೈ ಬಂಧಕ್ಕೆ ಮೋಲ್‌ಗೆ ಸುಮಾರು 265 ಕಿಲೋಜೌಲ್, ಕಾರ್ಬನ್-ಹೈಡ್ರೋಜನ್ ಬಂಧಕ್ಕೆ ಸುಮಾರು 410 ಎಂದು ಹಿಡಿಯಿರಿ. ಕಾರ್ಬನ್ನಿಗೆ ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳೊಂದಿಗಿನ ಬಂಧಗಳು ಕ್ರಮವಾಗಿ ಸುಮಾರು 350, 290 ಮತ್ತು 235. ಇವು ಅಂದಾಜು ಅಂಕಿಗಳಾದರೂ ನಮ್ಮ ಉದ್ದೇಶಕ್ಕೆ ಸಾಕು.

ಬ್ರೋಮಿನ್ನಿನ ವಿಷಯದಲ್ಲಿ ಮೊದಲ ಕೊಂಡಿಯಿಂದ 25 ಕಿಲೋಜೌಲ್ ಹೊರಬರುತ್ತದೆ, ಎರಡನೆಯದರಿಂದ 46. ಎರಡೂ ಬಹಿರುಷ್ಣಕ. ಕ್ಲೋರಿನ್ನಿನಲ್ಲಿ ಮೊದಲ ಕೊಂಡಿಯಿಂದ 85 ಬರುತ್ತದೆ, ಅದೇನೋ ಧಾರಾಳ. ಆದರೆ ಎರಡನೆಯದಕ್ಕೆ 430.5 ಕೊಟ್ಟು 410 ಪಡೆಯಬೇಕಾಗಿರುವುದರಿಂದ ಸುಮಾರು 20 ಕಿಲೋಜೌಲ್ ಕೈಯಿಂದ ಹಾಕಬೇಕಾಗುತ್ತದೆ. ಕಾರ್ಬನ್ ರ‍್ಯಾಡಿಕಲ್ ಅಲ್ಲಿ ತಡವಾಗಿ ನಿಂತು, ಅಷ್ಟರಲ್ಲಿ ಇನ್ನೊಂದು ಆಲ್ಕೀನ್‌ಗೋ ಇನ್ನೊಂದು ರ‍್ಯಾಡಿಕಲ್‌ಗೋ ಅಂಟಿಕೊಳ್ಳುತ್ತದೆ. ಅಯೋಡಿನ್ನಿನಲ್ಲಿ ಇದರ ತದ್ವಿರುದ್ಧ. ಎರಡನೆಯ ಕೊಂಡಿಯಿಂದ 113 ಕಿಲೋಜೌಲ್ ಬರುವಂತಿದ್ದರೂ ಮೊದಲನೆಯದಕ್ಕೇ 30 ಬೇಕು. ದ್ವಿಬಂಧಕ್ಕೆ ಸೇರುವುದೇ ನಷ್ಟದ ವ್ಯವಹಾರವಾದಾಗ ಅಯೋಡಿನ್ ರ‍್ಯಾಡಿಕಲ್‌ಗಳು ತಮ್ಮತಮ್ಮಲ್ಲಿ ಕೂಡಿ ಅಯೋಡಿನ್ ಅಣುವಾಗುತ್ತವೆ. ಅಂದರೆ ನಿಮ್ಮ ಪುಸ್ತಕ ಹೇಳಿರುವುದು ಸರಿಯೇ. ಆದರೆ ಕ್ಲೋರೈಡಿಗೆ ಎರಡನೆಯ ಕೊಂಡಿಯ ಅಡ್ಡಿ, ಅಯೋಡೈಡಿಗೆ ಮೊದಲ ಕೊಂಡಿಯ ಅಡ್ಡಿ ಎಂಬುದನ್ನು ಬಿಡಿಸಿ ಹೇಳದೆ ಎರಡಕ್ಕೂ ಹೈಡ್ರೋಜನ್-ಹ್ಯಾಲೋಜನ್ ಬಂಧದ ಅಂಕಿಯನ್ನೇ ಮುಂದಿಟ್ಟದ್ದರಿಂದ ಅದು ಒಗಟಿನಂತೆ ಕಾಣುತ್ತದೆ.

ಈ ಪರಿಣಾಮ ಬೆಳಕಿಗೆ ಬಂದ ಬಗೆಯೂ ತಿಳಿದಿರಬೇಕಾದ್ದು. ಹೈಡ್ರೋಜನ್ ಬ್ರೋಮೈಡ್ ಸೇರುವ ಕ್ರಿಯೆಗಳಲ್ಲಿ ಒಬ್ಬರಿಗೆ ಒಂದು ಉತ್ಪನ್ನ, ಮತ್ತೊಬ್ಬರಿಗೆ ಇನ್ನೊಂದು ಬರುತ್ತಿದ್ದುದು ಬಹುಕಾಲ ಬಗೆಹರಿಯದೆ ಉಳಿದಿತ್ತು. ಷಿಕಾಗೋ ವಿಶ್ವವಿದ್ಯಾಲಯದ ಮಾರಿಸ್ ಖರಾಷ್ ಮತ್ತು ಫ್ರಾಂಕ್ ಮೇಯೋ ಅಲೈಲ್ ಬ್ರೋಮೈಡ್ ಮೇಲೆ ಕೆಲಸ ಮಾಡಿ 1933ರಲ್ಲಿ ಇದನ್ನು ಬಿಡಿಸಿದರು. ಗಾಳಿ ಸೋಕಿದ ಅಲೈಲ್ ಬ್ರೋಮೈಡ್‌ನಲ್ಲಿ ಪೆರಾಕ್ಸೈಡ್ ಸೇರಿಕೊಂಡಿರುತ್ತದೆ. ಅದರಲ್ಲಿ ಕ್ರಿಯೆ ಗಂಟೆಗಳಲ್ಲಿ ಮುಗಿದು 1,3-ಡೈಬ್ರೋಮೋಪ್ರೊಪೇನ್ ಬರುತ್ತಿತ್ತು. ಗಾಳಿಯನ್ನು ಹೊರಗಿಟ್ಟು, ಹೈಡ್ರೋಕ್ವಿನೋನ್‌ನಂಥ ಉತ್ಕರ್ಷಣ ನಿರೋಧಕವನ್ನು ಸೇರಿಸಿದರೆ ಅದೇ ಕ್ರಿಯೆ ದಿನಗಟ್ಟಲೆ ನಡೆದು 1,2-ಡೈಬ್ರೋಮೋಪ್ರೊಪೇನ್ ಕೊಡುತ್ತಿತ್ತು. ಮೊದಲನೆಯದು 167 ಡಿಗ್ರಿ ಸೆಲ್ಸಿಯಸ್ ಸಮೀಪ ಕುದಿಯುತ್ತದೆ, ಎರಡನೆಯದು 140ರ ಸಮೀಪ. ಆದ್ದರಿಂದ ಯಾವುದು ಎಷ್ಟು ಬಂದಿದೆಯೆಂದು ಬೇರ್ಪಡಿಸಿ ನೋಡುವುದಕ್ಕೂ ಅನುಕೂಲವಿತ್ತು. ರ‍್ಯಾಡಿಕಲ್ ಸರಪಳಿಯ ವಿವರಣೆ ಸ್ಪಷ್ಟ ರೂಪ ಪಡೆದದ್ದು ಅನಂತರ, 1937ರಲ್ಲಿ.

ಇಂದಿಗೂ ಪ್ರಯೋಗಾಲಯದಲ್ಲಿ ಇದು ಕೇವಲ ಚರಿತ್ರೆಯಲ್ಲ. ಹಲವು ಬಾರಿ ಮುಚ್ಚಳ ತೆರೆದು ಮುಚ್ಚಿದ ಆಲ್ಕೀನ್ ಬಾಟಲಿಯಿಂದ ನೇರವಾಗಿ ಸುರಿದು ಹೈಡ್ರೋಜನ್ ಬ್ರೋಮೈಡ್ ಹಾಯಿಸಿದರೆ ಎರಡೂ ಉತ್ಪನ್ನಗಳ ಕಲಬೆರಕೆ ಕೈಗೆ ಸಿಗುತ್ತದೆ. ನಿಯಮದ ಉತ್ಪನ್ನವೇ ಬೇಕೆಂದಿದ್ದರೆ ಆಲ್ಕೀನ್‌ನಲ್ಲಿ ಪೆರಾಕ್ಸೈಡ್ ಇದೆಯೇ ಎಂದು ಮೊದಲು ಪರೀಕ್ಷಿಸಿ, ಇದ್ದರೆ ಅದನ್ನು ರಾಸಾಯನಿಕವಾಗಿ ನಾಶಪಡಿಸಿದ ಮೇಲಷ್ಟೇ ಬಟ್ಟಿ ಇಳಿಸಬೇಕು, ಏಕೆಂದರೆ ಪೆರಾಕ್ಸೈಡ್ ತುಂಬಿದ ದ್ರವವನ್ನು ಹಾಗೇ ಬಟ್ಟಿ ಇಳಿಸುವುದು ಸ್ಫೋಟಕ್ಕೆ ದಾರಿ.


ಪ್ರಶ್ನೆ ಕೇಳಿದವರಿಂದ ಮರುಪ್ರಶ್ನೆ

ಇಬ್ಬರು ಗುರುಗಳಿಗೂ ಧನ್ಯವಾದಗಳು. ಕೊಂಡಿಗಳನ್ನು ಬೇರೆ ಬೇರೆಯಾಗಿ ಕೂಡಿ ಕಳೆದು ನೋಡಿದ ಮೇಲೆ ಬ್ರೋಮೈಡ್ ಮಾತ್ರ ಏಕೆ ಎಂಬುದು ಸ್ಪಷ್ಟವಾಯಿತು. ಇದರಿಂದ ಇನ್ನೆರಡು ಪ್ರಶ್ನೆಗಳು ಹುಟ್ಟಿಕೊಂಡಿವೆ. ಬ್ರೋಮಿನ್ ಅಣುವೇ ಸೇರುವಾಗ ಎರಡು ಬ್ರೋಮಿನ್‌ಗಳೂ ಏಕಕಾಲಕ್ಕೆ ಸೇರುತ್ತವೆಯೇ, ಅಥವಾ ಅಲ್ಲಿಯೂ ಕಾರ್ಬೊಕ್ಯಾಟಯಾನ್ ಉಂಟಾಗುತ್ತದೆಯೇ? ಉಂಟಾಗುವುದಾದರೆ ಪುನರ್ಜೋಡಣೆಯಾದ ಡೈಬ್ರೋಮೈಡ್‌ಗಳ ಪ್ರಸ್ತಾಪ ಎಲ್ಲೂ ಕಾಣುವುದಿಲ್ಲವಲ್ಲ? ಎರಡನೆಯದಾಗಿ, ಆಲ್ಕೀನ್‌ನಿಂದ ಆಲ್ಕೊಹಾಲ್ ಮಾಡುವಾಗ ಈ ಪುನರ್ಜೋಡಣೆಯನ್ನು ತಪ್ಪಿಸಲು ದಾರಿ ಇದೆಯೇ?


ಉತ್ತರ
ಬರೆದವರು: ಸಾವಯವ ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು

ಬ್ರೋಮಿನ್ ಬಗ್ಗೆ ನಾನು ಬರೆಯುತ್ತೇನೆ.

ಎರಡೂ ಏಕಕಾಲಕ್ಕೆ ಸೇರುವುದಿಲ್ಲ ಎಂಬುದಕ್ಕೆ ಬಹಳ ಸರಳವಾದ ಪುರಾವೆ ಇದೆ. ಅಡುಗೆ ಉಪ್ಪನ್ನು ಕರಗಿಸಿದ ಬ್ರೋಮಿನ್ ನೀರಿಗೆ ಈಥೀನ್ ಅನಿಲವನ್ನು ಹಾಯಿಸಿದರೆ, 1,2-ಡೈಬ್ರೋಮೋಈಥೇನ್ ಮತ್ತು 2-ಬ್ರೋಮೋಎಥನಾಲ್ ಜೊತೆಗೆ 1-ಬ್ರೋಮೋ-2-ಕ್ಲೋರೋಈಥೇನ್ ಕೂಡ ಸಿಗುತ್ತದೆ. ಆದರೆ 1,2-ಡೈಕ್ಲೋರೋಈಥೇನ್ ಸಿಗುವುದಿಲ್ಲ. ಉಪ್ಪಿನಿಂದ ಬಂದ ಕ್ಲೋರೈಡ್ ಅಯಾನು ಋಣ ಆವೇಶವುಳ್ಳದ್ದು. ಎಲೆಕ್ಟ್ರಾನ್ ಸಮೃದ್ಧವಾದ ದ್ವಿಬಂಧದ ಮೇಲೆ ಅದು ತಾನಾಗಿ ಬೀಳಲಾರದು, ಬ್ರೋಮಿನ್ ಮೊದಲು ಸೇರಿ ಧನ ಆವೇಶದ ಮಧ್ಯಂತರವೊಂದು ಉಂಟಾದ ಮೇಲಷ್ಟೇ ಅದು ಒಳಬರಬಲ್ಲದು. ಆ ಎರಡನೆಯ ಹಂತದಲ್ಲಿ ಬ್ರೋಮೈಡ್, ಕ್ಲೋರೈಡ್, ನೀರು ಈ ಮೂರಕ್ಕೂ ಅವಕಾಶವಿರುವುದರಿಂದ ಮೂರೂ ಉತ್ಪನ್ನಗಳು ಬರುತ್ತವೆ. ಹಾಗೆ ನೋಡಿದರೆ ಪಿಯುಸಿಯ ಅಪರ್ಯಾಪ್ತತೆಯ ಪರೀಕ್ಷೆಯಲ್ಲಿ ಬ್ರೋಮಿನ್ ನೀರಿನ ಕೆಂಗಂದು ಬಣ್ಣ ಮಾಯವಾದಾಗ ಪ್ರನಾಳದಲ್ಲಿ ಹೆಚ್ಚಾಗಿ ಉಳಿಯುವುದು ಡೈಬ್ರೋಮೈಡ್ ಅಲ್ಲ, ನೀರು ಸೇರಿದ ಬ್ರೋಮೋಹೈಡ್ರಿನ್. ದಾಖಲೆ ಪುಸ್ತಕದಲ್ಲಿ ನಾವೆಲ್ಲ ಡೈಬ್ರೋಮೈಡಿನ ಸಮೀಕರಣವನ್ನೇ ಬರೆದು ಸಹಿ ಹಾಕಿಸಿಕೊಂಡಿದ್ದೇವೆ.

ಆ ಮಧ್ಯಂತರ ತೆರೆದ ಕಾರ್ಬೊಕ್ಯಾಟಯಾನ್ ಅಲ್ಲ ಎಂದು 1937ರಲ್ಲಿ ರಾಬರ್ಟ್ಸ್ ಮತ್ತು ಕಿಂಬಾಲ್ ಸೂಚಿಸಿದರು. ಬ್ರೋಮಿನ್ ತನ್ನ ಒಂದು ಜೋಡಿ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಎರಡೂ ಕಾರ್ಬನ್‌ಗಳನ್ನು ಏಕಕಾಲಕ್ಕೆ ಹಿಡಿದುಕೊಳ್ಳುತ್ತದೆ. ಹೀಗೆ ಉಂಟಾಗುವ ಮೂರು ಪರಮಾಣುಗಳ ಉಂಗುರವೇ ಬ್ರೋಮೋನಿಯಂ ಅಯಾನು. ಧನ ಆವೇಶದ ಹೆಚ್ಚಿನ ಭಾಗ ಬ್ರೋಮಿನ್ನಿನ ಮೇಲೆಯೇ ಇರುವುದರಿಂದ ಪಕ್ಕದ ಕಾರ್ಬನ್ನಿನ ಹೈಡ್ರೈಡಿಗೆ ಸರಿಯುವ ಒತ್ತಡ ಬರುವುದಿಲ್ಲ. ನಿಮ್ಮ 3-ಮೀಥೈಲ್-1-ಬ್ಯೂಟೀನ್ ಬ್ರೋಮಿನ್ನಿನೊಂದಿಗೆ 1,2-ಡೈಬ್ರೋಮೋ-3-ಮೀಥೈಲ್‌ಬ್ಯೂಟೇನ್ ಕೊಡುವುದು ಇದೇ ಕಾರಣಕ್ಕೆ. ಮೂವತ್ತು ವರ್ಷಗಳ ನಂತರ ಜಾರ್ಜ್ ಓಲಾ ಇಂಥ ಅಯಾನುಗಳನ್ನು ಅತಿ ಪ್ರಬಲ ಆಮ್ಲೀಯ ದ್ರಾವಣಗಳಲ್ಲಿ ಉಳಿಸಿಕೊಂಡು ಎನ್‌ಎಂಆರ್ ಎಂಬ ಕಾಂತೀಯ ಅನುರಣನ ವಿಧಾನದ ಮೂಲಕ ನೋಡಿ ತೋರಿಸಿದರು. ಕಾರ್ಬೊಕ್ಯಾಟಯಾನ್ ರಸಾಯನಶಾಸ್ತ್ರಕ್ಕಾಗಿ ಅವರಿಗೆ 1994ರ ನೊಬೆಲ್ ಬಂದಿತು.

ಉಂಗುರ ಇದೆಯೆಂಬ ಊಹೆಗೆ ಮೊದಲು ಬಲ ಕೊಟ್ಟದ್ದು ಉತ್ಪನ್ನಗಳ ತ್ರಿವಿಮ ರಚನೆ. ಬ್ರೋಮಿನ್ ಬಾಗಿಲಿಗೆ ಅಡ್ಡ ಕುಳಿತವರಂತೆ ಒಂದು ಮಗ್ಗುಲನ್ನು ಪೂರ್ತಿ ಮುಚ್ಚಿರುವುದರಿಂದ, ಬ್ರೋಮೈಡ್ ಅಯಾನು ಎದುರು ಮಗ್ಗುಲಿನಿಂದಲೇ ಬರಬೇಕಾಗುತ್ತದೆ. ಸೈಕ್ಲೋಹೆಕ್ಸೀನ್‌ನಿಂದ ಟ್ರಾನ್ಸ್-1,2-ಡೈಬ್ರೋಮೋಸೈಕ್ಲೋಹೆಕ್ಸೇನ್ ಮಾತ್ರ ಸಿಗುವುದು ಆದ್ದರಿಂದಲೇ. 2-ಬ್ಯೂಟೀನ್‌ನಲ್ಲಿ ಇದು ಇನ್ನೂ ಚೆಂದವಾಗಿ ಕಾಣುತ್ತದೆ: ಟ್ರಾನ್ಸ್ ರೂಪದಿಂದ ಮೀಸೋ (ತನ್ನ ಪ್ರತಿಬಿಂಬವೂ ತಾನೇ ಆಗಿರುವ) 2,3-ಡೈಬ್ರೋಮೋಬ್ಯೂಟೇನ್, ಸಿಸ್ ರೂಪದಿಂದ ಎರಡು ಪ್ರತಿಬಿಂಬ ರೂಪಗಳ ಸಮಪ್ರಮಾಣದ ಮಿಶ್ರಣ. ಸಾಧ್ಯವಿದ್ದರೆ ಕಡ್ಡಿ-ಚೆಂಡಿನ ಮಾದರಿಯಲ್ಲಿ ಒಮ್ಮೆ ಕಟ್ಟಿ ನೋಡಿ, ಕಾಗದದ ಮೇಲೆ ಇದನ್ನು ನಂಬುವುದು ಕಷ್ಟ.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ದ್ವಿಬಂಧಕ್ಕೆ ಫೀನೈಲ್ ಗುಂಪು ಅಂಟಿಕೊಂಡಿದ್ದರೆ, ಅಂದರೆ ಸ್ಟೈರೀನ್ ಬಗೆಯ ಆಲ್ಕೀನ್‌ಗಳಲ್ಲಿ, ಧನ ಆವೇಶವನ್ನು ಬೆಂಜೀನ್ ಉಂಗುರ ಹಂಚಿಕೊಳ್ಳಬಲ್ಲದಾದ್ದರಿಂದ ಬ್ರೋಮಿನ್ನಿನ ಹಿಡಿತ ಒಂದು ಕಡೆ ಸಡಿಲವಾಗುತ್ತದೆ. ಅಲ್ಲಿ ಎದುರು ಮಗ್ಗುಲಿನ ಸಂಕಲನವೇ ಶೇಕಡಾ ನೂರು ಎಂದು ಬರೆಯುವಂತಿಲ್ಲ. ಪ್ರೊಪೀನ್‌ನಂಥ ಅಸಮಮಿತ ಆಲ್ಕೀನ್‌ನಲ್ಲೂ ಹಿಡಿತ ಎರಡೂ ಕಡೆ ಸಮನಾಗಿರುವುದಿಲ್ಲ. ಹಾಗಾಗಿ ನೀರು ನಡುವಿನ ಕಾರ್ಬನ್ನಿಗೇ ಬಂದು 1-ಬ್ರೋಮೋ-2-ಪ್ರೊಪನಾಲ್ ಪ್ರಧಾನವಾಗಿ ಉಂಟಾಗುತ್ತದೆ.


ಉತ್ತರ
ಬರೆದವರು: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮೈಸೂರು

ಆಲ್ಕೊಹಾಲ್ ಪ್ರಶ್ನೆ ಉಳಿದಿದೆ. 3,3-ಡೈಮೀಥೈಲ್-1-ಬ್ಯೂಟೀನ್ ಒಂದನ್ನೇ ತೆಗೆದುಕೊಂಡು ಅದರಿಂದ ಮೂರು ಬೇರೆ ಬೇರೆ ಆಲ್ಕೊಹಾಲ್‌ಗಳನ್ನು ಪಡೆಯುವುದು ಹೇಗೆಂದು ಹೇಳುತ್ತೇನೆ. ಇದನ್ನು ನಾನು ತರಗತಿಯಲ್ಲಿ ಬಹಳ ಇಷ್ಟಪಟ್ಟು ಕೇಳುತ್ತಿದ್ದ ಪ್ರಶ್ನೆ.

ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲ ಬಳಸಿದರೆ ಮೊದಲು ಬರುವುದು ಪ್ರೋಟಾನ್. ದ್ವಿತೀಯಕ ಕ್ಯಾಟಯಾನ್ ಉಂಟಾಗುತ್ತದೆ, ಮೀಥೈಲ್ ಸರಿಯುತ್ತದೆ, ತೃತೀಯಕ ಕ್ಯಾಟಯಾನ್‌ಗೆ ನೀರು ಸೇರಿ 2,3-ಡೈಮೀಥೈಲ್-2-ಬ್ಯೂಟನಾಲ್ ಪ್ರಧಾನ ಉತ್ಪನ್ನವಾಗುತ್ತದೆ.

ಜಲೀಯ ಟೆಟ್ರಾಹೈಡ್ರೋಫ್ಯೂರಾನ್‌ನಲ್ಲಿ ಮರ್ಕ್ಯುರಿಕ್ ಅಸಿಟೇಟ್ ಬಳಸಿ, ಅನಂತರ ಸೋಡಿಯಂ ಬೋರೋಹೈಡ್ರೈಡ್ ಸೇರಿಸಿದರೆ ಮೊದಲು ಬರುವುದು ಪಾದರಸ. ಅದು ಬ್ರೋಮಿನ್ನಿನಂತೆಯೇ ಎರಡೂ ಕಾರ್ಬನ್‌ಗಳನ್ನು ಹಿಡಿದುಕೊಂಡು ಸೇತುವೆಯಾಗುತ್ತದೆ, ಮೀಥೈಲ್‌ಗೆ ಸರಿಯುವ ಸಂದರ್ಭವೇ ಬರುವುದಿಲ್ಲ. ನೀರು ಎರಡನೆಯ ಕಾರ್ಬನ್ನಿಗೆ ಸೇರುತ್ತದೆ, ಬೋರೋಹೈಡ್ರೈಡ್ ಪಾದರಸವನ್ನು ಕಿತ್ತು ಆ ಜಾಗಕ್ಕೆ ಹೈಡ್ರೋಜನ್ ಇಡುತ್ತದೆ, ಕೊನೆಗೆ ಸಿಗುವುದು 3,3-ಡೈಮೀಥೈಲ್-2-ಬ್ಯೂಟನಾಲ್. ಮಾರ್ಕೊವ್ನಿಕೊವ್ ನಿಯಮ ಅಕ್ಷರಶಃ ಹೇಳುವ ಉತ್ಪನ್ನ ಇದೇ. ಪಾದರಸದ ತ್ಯಾಜ್ಯವನ್ನು ಏನು ಮಾಡುವುದೆಂಬ ಚಿಂತೆಯಿಂದ ಕಾಲೇಜುಗಳಲ್ಲಿ ಇದನ್ನು ಮಾಡಿಸುವುದಿಲ್ಲ, ಅದು ಸರಿಯೂ ಹೌದು.

ಡೈಬೋರೇನ್ ಬಳಸಿ, ಆಮೇಲೆ ಕ್ಷಾರೀಯ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಉತ್ಕರ್ಷಿಸಿದರೆ 3,3-ಡೈಮೀಥೈಲ್-1-ಬ್ಯೂಟನಾಲ್ ಬರುತ್ತದೆ. ಅಮೆರಿ‍ಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಬ್ರೌನ್ 1956ರಲ್ಲಿ ಕಂಡುಕೊಂಡ ಈ ವಿಧಾನ ಅವರಿಗೆ 1979ರ ನೊಬೆಲ್ ಅನ್ನು, ವಿಟಿಗ್ ಅವರೊಂದಿಗೆ ಹಂಚಿಕೊಂಡು, ತಂದುಕೊಟ್ಟಿತು. ಇಲ್ಲಿ ಎಲೆಕ್ಟ್ರಾನ್ ಕೊರತೆಯಿರುವ ಬೋರಾನ್ ಮುಂದಾಗಿ ಬರುತ್ತದೆ, ಇಕ್ಕಟ್ಟಿಲ್ಲದ ತುದಿಯ ಕಾರ್ಬನ್ನನ್ನು ಆರಿಸಿಕೊಳ್ಳುತ್ತದೆ. ಆದರೆ ಬೋರಾನ್ ಮತ್ತು ಅದರ ಹೈಡ್ರೋಜನ್ ಎರಡೂ ಒಂದೇ ಹಂತದಲ್ಲಿ, ಒಂದೇ ಮಗ್ಗುಲಿನಿಂದ ಸೇರುವುದರಿಂದ ಬಿಡಿ ಕ್ಯಾಟಯಾನ್ ಯಾವ ಘಟ್ಟದಲ್ಲೂ ಹುಟ್ಟುವುದಿಲ್ಲ. ಉತ್ಕರ್ಷಣೆಯಲ್ಲಿ ಬೋರಾನ್ ಇದ್ದ ಜಾಗಕ್ಕೇ, ಅದೇ ದಿಕ್ಕಿನಲ್ಲೇ ಹೈಡ್ರಾಕ್ಸಿಲ್ ಬರುತ್ತದೆ. 1-ಮೀಥೈಲ್‌ಸೈಕ್ಲೋಹೆಕ್ಸೀನ್‌ನಿಂದ ಟ್ರಾನ್ಸ್-2-ಮೀಥೈಲ್‌ಸೈಕ್ಲೋಹೆಕ್ಸನಾಲ್ ಸಿಗುವುದನ್ನು ಬರೆದು ನೋಡಿದರೆ ಇದು ಖಚಿತವಾಗುತ್ತದೆ: ಹೈಡ್ರೋಜನ್ ಮತ್ತು ಬೋರಾನ್ ಒಂದೇ ಮಗ್ಗುಲಿಗೆ ಬಂದಾಗ, ಮೊದಲೇ ಇದ್ದ ಮೀಥೈಲ್ ಅನಿವಾರ್ಯವಾಗಿ ಇನ್ನೊಂದು ಮಗ್ಗುಲಿಗೆ ತಿರುಗುತ್ತದೆ.

ಉತ್ತರಪತ್ರಿಕೆಯಲ್ಲಿ ಬರೆಯುವಾಗ ಒಂದು ಎಚ್ಚರಿಕೆ. ಹೈಡ್ರೋಬೋರೇಷನ್ ಕ್ರಿಯಾವಿಧಿಗೆ ನಾಲ್ಕು ಕೇಂದ್ರಗಳ ಸಂಕ್ರಮಣ ಸ್ಥಿತಿಯನ್ನು ಬರೆಯಿರಿ, ಅಭ್ಯಾಸಬಲದಿಂದ ಕಾರ್ಬೊಕ್ಯಾಟಯಾನ್ ಬರೆದರೆ ಉತ್ಪನ್ನದ ಹೆಸರು ಸರಿಯಿದ್ದರೂ ಕ್ರಿಯಾವಿಧಿಯ ಅಂಕಗಳು ಸಿಗುವುದಿಲ್ಲ.